ಎಡ ಹೃತ್ಕುಕ್ಷಿಗೆ ಇನ್ನೊಂದು ದಾರಿ

ಹೊಸಪೇಟೆ, ಕಂಪ್ಲಿಯ ಭತ್ತದ ಬಯಲಲ್ಲಿ ಕಾಲುವೆ ಒಂದೆಡೆ ಕಟ್ಟಿಕೊಂಡರೆ ನೀರು ಪೂರ್ತಿ ನಿಂತುಬಿಡುವುದಿಲ್ಲ. ಮೇಲಿನ ಗದ್ದೆ ತುಂಬಿ, ಬದು ದಾಟಿ, ಮಡಿಯಿಂದ ಮಡಿಗೆ ಇಳಿಯುತ್ತಾ ಅದು ಕೊನೆ ಭಾಗದ ರೈತನ ಹೊಲಕ್ಕೂ ಬರುತ್ತದೆ, ಆದರೆ ಹೊತ್ತು ಮೀರಿದ ಮೇಲೆ. ಹೃದಯದ ಎಡ ಹೃತ್ಕುಕ್ಷಿಗೆ ವಿದ್ಯುತ್ ಸಂಕೇತ ಒಯ್ಯುವ ಎಡ ಕವಲು ಕೆಟ್ಟಾಗ ಆಗುವುದೂ ಇದೇ. ವೈದ್ಯರು ಇದನ್ನು ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ ಎನ್ನುತ್ತಾರೆ. ಸಂಕೇತ ತನ್ನ ದಾರಿ ಬಿಟ್ಟು ಸ್ನಾಯುವಿನ ಜೀವಕೋಶದಿಂದ ಜೀವಕೋಶಕ್ಕೆ ನಿಧಾನವಾಗಿ ಹಬ್ಬುತ್ತದೆ. ನಡುಗೋಡೆ ಹಿಂಡಿ ಮುಗಿಸುವ ಹೊತ್ತಿಗೆ ಹೊರಗೋಡೆ ಹಿಂಡಲು ತೊಡಗುತ್ತದೆ. ರಕ್ತ ಮುಂದೆ ಚಿಮ್ಮುವ ಬದಲು ಒಂದಿಷ್ಟು ಒಳಗೇ ತೂಗಾಡುತ್ತದೆ. ಇಸಿಜಿಯಲ್ಲಿ 120 ಮಿಲಿಸೆಕೆಂಡಿನೊಳಗೆ ಇರಬೇಕಾದ ಕ್ಯುಆರ್‌ಎಸ್ ಅಲೆ ಅದನ್ನು ಮೀರಿ, ಅನೇಕರಲ್ಲಿ 150ನ್ನೂ ದಾಟಿ ಅಗಲವಾಗುತ್ತದೆ. ಮೊದಲೇ ಸೋತ ಹೃದಯಕ್ಕೆ ಈ ತಾಳ ತಪ್ಪಿದ ದುಡಿಮೆ ಇನ್ನಷ್ಟು ಭಾರ.

ಎರಡೂ ಗೋಡೆಗಳನ್ನು ಒಟ್ಟಿಗೆ ಹಿಂಡಿಸಲು ಬಂದದ್ದು ಮೂರು ಲೀಡ್‌ಗಳ, ಎಂದರೆ ಸಂಕೇತ ಒಯ್ಯುವ ತಂತಿಗಳ, ಪೇಸ್‌ಮೇಕರ್, ಅಂದರೆ ಸಿಆರ್‌ಟಿ. 2005ರಲ್ಲಿ ಪ್ರಕಟವಾದ ಕೇರ್-ಎಚ್‌ಎಫ್ ಅಧ್ಯಯನದ 813 ರೋಗಿಗಳಲ್ಲಿ, ಔಷಧ ಮಾತ್ರ ಪಡೆದವರಿಗಿಂತ ಇದನ್ನೂ ಪಡೆದವರಲ್ಲಿ ಸಾವಿನ ಅಪಾಯ ಶೇ. 36ರಷ್ಟು ಕಡಿಮೆಯಿತ್ತು. ತೊಡಕಿರುವುದು ಎಡ ಹೃತ್ಕುಕ್ಷಿಗೆ ಮೀಸಲಾದ ಮೂರನೆಯ ಲೀಡ್‌ನಲ್ಲಿ. ಎಡ ಹೃತ್ಕುಕ್ಷಿಯ ಒಳಗೆ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಭಯವಿದೆ. ಆದ್ದರಿಂದ ಅದನ್ನು ಬಲ ಹೃತ್ಕರ್ಣಕ್ಕೆ ತೆರೆಯುವ ಕೊರೊನರಿ ಸೈನಸ್ ಎಂಬ ರಕ್ತನಾಳದೊಳಗೆ ನುಗ್ಗಿಸಿ, ಹೃದಯದ ಹೊರಮೈಯ ಸಣ್ಣ ಅಭಿಧಮನಿಯೊಂದರಲ್ಲಿ ಕೂರಿಸುತ್ತಾರೆ. ಕೆಲವರಲ್ಲಿ ಸೈನಸ್ಸಿನ ಬಾಯಿಗೆ ಕವಾಟ ಅಡ್ಡವಿರುತ್ತದೆ. ಹಿಗ್ಗಿದ ಹೃದಯದಲ್ಲಿ ಆ ಬಾಯಿಯೇ ಸ್ಥಾನ ಬದಲಿಸಿರುತ್ತದೆ. ಬೇಕಾದ ಜಾಗದಲ್ಲಿ ಅಭಿಧಮನಿಯೇ ಇರದಿರಬಹುದು, ಇದ್ದರೂ ಅತಿ ಸಣ್ಣದಿರಬಹುದು, ಹಿಂದಕ್ಕೆ ತಿರುಚಿಕೊಂಡಿರಬಹುದು. ಎಲ್ಲ ದಾಟಿ ಕೂರಿಸಿದ ಮೇಲೂ ಪಕ್ಕದ ಫ್ರೆನಿಕ್ ನರ ಪ್ರಚೋದನೆಗೊಂಡು ರೋಗಿಯ ವಪೆ ಬಡಿತದ ಲೆಕ್ಕದಲ್ಲೇ ಅದುರಬಹುದು. ಈ ಲೀಡ್ ಸಾಮಾನ್ಯವಾಗಿ ತಿರುಪಿನಿಂದಲ್ಲ, ತನ್ನ ಬಾಗುಗಳಿಂದಲೇ ನಿಲ್ಲುವಂಥದ್ದು. ಅದು ಜಾರಿದರೆ ಮತ್ತೆ ಶಸ್ತ್ರಕ್ರಿಯೆ, ಅದರ ಜೊತೆಗೆ ಸೋಂಕಿನ ಅಪಾಯ.

ಇದಕ್ಕೆಲ್ಲ ಕೈಚಳಕವೇ ಉತ್ತರ ಎಂಬ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ನಾಲ್ಕು ಎಲೆಕ್ಟ್ರೋಡ್‌ಗಳ ಲೀಡ್ ಬಂದ ಮೇಲೆ ನರ ಅದುರಿದರೆ ಎದೆ ತೆರೆಯದೆ ಹೊರಗಿನಿಂದಲೇ ಪ್ರಚೋದನೆಯ ಬಿಂದು ಬದಲಿಸಬಹುದು. ಕಿರಿದಾದ ಅಭಿಧಮನಿಯನ್ನು ಬಲೂನಿನಿಂದ ಹಿಗ್ಗಿಸಬಹುದು. ಕೊನೆಗೆ ಶಸ್ತ್ರಚಿಕಿತ್ಸಕರು ಹೊರಮೈಗೇ ಲೀಡ್ ಹೊಲಿಯಬಹುದು. ಆದರೆ ಇವೆಲ್ಲ ದೇಹ ಎಲ್ಲಿ ಅಭಿಧಮನಿ ಕೊಟ್ಟಿದೆಯೋ ಅಲ್ಲಿಗೇ ಬದ್ಧವಾದ, ಇಲ್ಲವೇ ಎದೆ ತೆರೆಯಬೇಕಾದ ಉಪಾಯಗಳು. ಇದಕ್ಕಿಂತ ಮುಖ್ಯವಾದದ್ದು, ಲೀಡ್ ಸರಿಯಾಗಿ ಕೂತಾಗಲೂ ಸಂಕೇತ ಹಬ್ಬುವುದು ಸ್ನಾಯುವಿನ ಮೂಲಕವೇ. ಕಟ್ಟಿದ ಕಾಲುವೆಯನ್ನು ಬಿಟ್ಟು ಕೊನೆಯ ಹೊಲದಲ್ಲಿ ಬೋರ್‌ವೆಲ್ ಕೊರೆದಂತೆ ಅದು.

ಹಾಗಾಗಿ ಲೀಡ್ ಕೂರಿಸುವ ಕಷ್ಟವನ್ನು ಗೆಲ್ಲಬೇಕಾದದ್ದು ಗುರಿಯನ್ನೇ ಬದಲಿಸಿ ಎಂದು ನನಗೆ ಅನ್ನಿಸುತ್ತದೆ. ಜಪಾನಿನ ವೈದ್ಯವಿಜ್ಞಾನಿ ಸುನಾವೊ ತವಾರಾ 1906ರಲ್ಲೇ ಹೃದಯದ ವಿದ್ಯುತ್ ಜಾಲವನ್ನು ವಿವರಿಸಿ, ಎಡ ಕವಲು ನಡುಗೋಡೆಯ ಎಡಮೈಯಲ್ಲಿ ಬೀಸಣಿಗೆಯಂತೆ ಹರಡುವುದನ್ನು ತೋರಿಸಿದ್ದರು. ಚೀನಾದ ವೆನ್‌ಝೌ ನಗರದ ಹುವಾಂಗ್ ವೈಜಿಯಾನ್ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದ ವಿಧಾನ ನೇರ ಅಲ್ಲಿಗೇ ಹೋಗುತ್ತದೆ. ಲೀಡನ್ನು ಬಲ ಹೃತ್ಕುಕ್ಷಿಯಿಂದ ನಡುಗೋಡೆಗೆ ತಿರುಪಿ, ಆಳಕ್ಕೆ ಕೊರೆದು, ತಡೆ ಇರುವ ಜಾಗದ ಕೆಳಗೆ ಕವಲನ್ನೇ ಮುಟ್ಟಿಸುವುದು. ಸಂಕೇತ ಮತ್ತೆ ಕಾಲುವೆಗೆ ಬೀಳುತ್ತದೆ. ಕೊರೊನರಿ ಸೈನಸ್ಸನ್ನು ಹುಡುಕುವ ಪ್ರಮೇಯವಿಲ್ಲ, ತಿರುಪಿದ ಲೀಡ್‌ಗೆ ಗಟ್ಟಿ ಹಿಡಿತವೂ ಸಿಗುತ್ತದೆ.

ಪುರಾವೆ ಸಾಕಷ್ಟಿದೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. 2022ರ ಎಲ್‌ಬಿಬಿಪಿ-ರಿಸಿಂಕ್ ಪ್ರಯೋಗದಲ್ಲಿ ಇದ್ದವರು ಕೇವಲ 40 ರೋಗಿಗಳು. ಅವರಲ್ಲಿ ಹೊಸ ವಿಧಾನದವರ ಹೃದಯದ ಪಂಪ್ ಶಕ್ತಿ ಹೆಚ್ಚು ಸುಧಾರಿಸಿತು. 2023ರಲ್ಲಿ 1,778 ರೋಗಿಗಳ ದಾಖಲೆಗಳ ಹೋಲಿಕೆಯೂ ಹೊಸ ವಿಧಾನದ ಕಡೆಗೇ ವಾಲಿತು. ಆದರೆ ಅದು ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲ, ಹಳೆಯ ವಿಧಾನಕ್ಕಿರುವಷ್ಟು ಬಲವಾದ ಆಧಾರ ಇದಕ್ಕಿನ್ನೂ ಇಲ್ಲ. ಅದಕ್ಕೇ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸಿಆರ್‌ಟಿಯನ್ನೇ ಮೊದಲು ಇಟ್ಟು, ಅದು ಕೈಗೂಡದಲ್ಲಿ ಎಡ ಕವಲಿನ ಪೇಸಿಂಗ್ ಸಮಂಜಸ ಎಂದಿತು. ಹೃದಯಾಘಾತದಿಂದ ನಡುಗೋಡೆ ಕಲೆಗಟ್ಟಿದ್ದರೆ ತಿರುಪು ಒಳಗಿಳಿಯದೆ ಹೋಗಬಹುದು. ತಡೆ ಬಹಳ ಕೆಳಗಿದ್ದರೆ ಕವಲು ಮುಟ್ಟಿಯೂ ಫಲವಿಲ್ಲ. ಕೊರೆತ ಮಿತಿಮೀರಿದರೆ ಲೀಡ್ ಎಡ ಹೃತ್ಕುಕ್ಷಿಯೊಳಕ್ಕೆ ತೂರುತ್ತದೆ. ಇವು ರೋಗಿಯನ್ನು ಆರಿಸುವಾಗಿನ ಎಚ್ಚರಿಕೆಗಳೇ ಹೊರತು ವಿಧಾನವನ್ನು ಕೈಬಿಡಲು ಕಾರಣಗಳಲ್ಲ.

ಹೊಸಪೇಟೆಯ ಈ ಭಾಗಕ್ಕೆ ಹೊಸ ವಿಧಾನ ಹೆಚ್ಚು ಮುಖ್ಯವಾಗುವುದು ಖರ್ಚಿನಿಂದ. ಸಿಆರ್‌ಟಿ ಸಾಧನ ದುಬಾರಿ. ಎಡ ಕವಲಿನ ಪೇಸಿಂಗ್ ಅನೇಕರಲ್ಲಿ ಎರಡೇ ಲೀಡ್‌ಗಳ ಸಾಮಾನ್ಯ ಪೇಸ್‌ಮೇಕರ್‌ನಿಂದ ಆಗುತ್ತದೆ. ಹೊಸಪೇಟೆಯಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ 300 ಕಿಲೋಮೀಟರಿಗೂ ಹೆಚ್ಚು ದೂರ. ಜಾರಿದ ಲೀಡ್‌ಗಾಗಿ ಎರಡನೇ ಸಲ ಅಷ್ಟು ದೂರ ಹೋಗಬೇಕಾದ ಕೂಲಿಯವನಿಗೆ ಗಟ್ಟಿ ಹಿಡಿತದ ಬೆಲೆ ಗೊತ್ತು. ಇನ್ನು ರೋಗಿಯನ್ನು ಗುರುತಿಸುವುದಕ್ಕೆ ಬೇಕಾದದ್ದು ಒಂದು ಇಸಿಜಿ, ಒಂದು ಎಕೋ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಹೃದಯಾಘಾತ ಪತ್ತೆಗಾಗಿ ತಾಲ್ಲೂಕು ಮಟ್ಟದ ಇಸಿಜಿಯನ್ನು ತಜ್ಞರಿಗೆ ಜೋಡಿಸಿದೆ. ಸಂಡೂರಿನಲ್ಲೋ ಕಂಪ್ಲಿಯಲ್ಲೋ ಏದುಸಿರಿನಿಂದ ಬಂದವರ ಅಗಲವಾದ ಕ್ಯುಆರ್‌ಎಸ್ ಕೂಡ ಅದೇ ಮಾದರಿಯಲ್ಲಿ ತಜ್ಞರ ಕಣ್ಣಿಗೆ ಬೀಳುವಂತೆ ಮಾಡಲು ಹೊಸ ಯಂತ್ರವೇನೂ ಬೇಕಿಲ್ಲ.