ಮೊಳಕೆ ರಾಗಿ, ಅಂಟುವಾಳ, ಅಡುಗೆ ಸೋಡಾ: ಎಳೆಮಗುವಿರುವ ಮನೆಗೆ ಏನನ್ನು ಮಾಡಿಕೊಳ್ಳಬೇಕು, ಏನನ್ನು ಬಿಡಬೇಕು

ಎಳೆಮಗುವಿರುವ ಮನೆಯಲ್ಲಿ ಸಲಹೆಗೆ ಬರವಿಲ್ಲ. ಅಜ್ಜಿ ಒಂದು ಹೇಳಿದರೆ ಪಕ್ಕದ ಮನೆಯವರು ಇನ್ನೊಂದು ಹೇಳುತ್ತಾರೆ, ವಾಟ್ಸಾಪ್ ಮತ್ತೊಂದು. ಇವುಗಳಲ್ಲಿ ಆರಿಸಿಕೊಳ್ಳಲು ನಾವು ಸಾಮಾನ್ಯವಾಗಿ ಹಿಡಿಯುವ ದಾರಿ ‘ಅಂಗಡಿಯದು ಕೆಮಿಕಲ್, ಮನೆಯದು ನ್ಯಾಚುರಲ್’ ಎಂಬುದು. ಆದರೆ ಕರ್ಪೂರವೂ ಮೂಲತಃ ಮರದಿಂದಲೇ ಬಂದದ್ದು. ಮಗು ಒಂದು ಬಿಲ್ಲೆ ನುಂಗಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಇದರೊಳಗೆ ಕೆಲಸ ಮಾಡುವುದು ಯಾವುದು? ಅದು ಗೊತ್ತಾದರೆ ಎಲ್ಲಿ ಬಳಸಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದೂ ಗೊತ್ತಾಗುತ್ತದೆ.

ಮೊಳಕೆ ರಾಗಿ ಸರಿ

ಆರು ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲೇ ಸಾಕು, ನೀರೂ ಬೇಡ. ಆಮೇಲೆ ಹಳೇ ಮೈಸೂರಿನ ಕಡೆ ರಾಗಿ ಸರಿ, ಕರಾವಳಿಯ ಕಡೆ ರಾಗಿ ಮಣ್ಣಿ ಶುರುವಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ.

ರಾಗಿಯನ್ನು ಕಲ್ಲು, ಮಣ್ಣು ಹೋಗುವಂತೆ ನಾಲ್ಕೈದು ನೀರಿನಲ್ಲಿ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಲೋಳೆ, ಬೂಸ್ಟು ಅಥವಾ ಕೆಟ್ಟ ವಾಸನೆ ಕಂಡರೆ ಆರಿಸಿ ತೆಗೆಯುವ ಗೋಜಿಗೆ ಹೋಗದೆ ಇಡೀ ಗಂಟನ್ನೇ ಎಸೆಯಿರಿ. ಚೆನ್ನಾಗಿ ಬಂದದ್ದನ್ನು ಗರಿಗರಿಯಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯ ಬಾಲ ಉದುರಿಸಿ, ಮೊರದಲ್ಲಿ ಕೇರಿ, ಬಾಣಲೆಯಲ್ಲಿ ಬೆಚ್ಚಗಾಗುವಷ್ಟು ಮಾತ್ರ ಹುರಿದು ಬೀಸಿ. ತೆಳು ಬಟ್ಟೆಯಲ್ಲಿ ಸೋಸಿದರೆ ಹಿಟ್ಟು ಸಿದ್ಧ.

ಇಷ್ಟೆಲ್ಲ ಪಾಡು ಯಾಕೆ? ಕಾಳು ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುತ್ತದೆ. ಒಂದು ಪಾತ್ರೆಯಲ್ಲಿ ಸಾದಾ ರಾಗಿ ಹಿಟ್ಟು, ಇನ್ನೊಂದರಲ್ಲಿ ಅಷ್ಟೇ ಮೊಳಕೆ ಹಿಟ್ಟು ಹಾಕಿ, ಅಷ್ಟೇ ನೀರಿನಲ್ಲಿ ಕಾಯಿಸಿ ನೋಡಿ. ಮೊದಲನೆಯದು ಸೌಟಿಗೆ ಕಚ್ಚಿಕೊಂಡು ಬಿಗಿಯುತ್ತದೆ. ಎರಡನೆಯದು ಸೌಟಿನಿಂದ ಸಲೀಸಾಗಿ ಜಾರುತ್ತದೆ. ಮಗುವಿನ ಹೊಟ್ಟೆ ಚಿಕ್ಕದು. ಸಾದಾ ಹಿಟ್ಟಿಗೆ ನೀರು ಸುರಿದು ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಮೊಳಕೆ ಹಿಟ್ಟಾದರೆ ಅದೇ ಹದಕ್ಕೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಕಬ್ಬಿಣಾಂಶ ಮೈಗೆ ಸೇರದಂತೆ ತಡೆಯುವ ಫೈಟೇಟ್ ಕೂಡ ಮೊಳಕೆ ಬಂದಾಗ ಕಡಿಮೆಯಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಘಮ್ಮೆನ್ನಲಿ ಎಂದು ಕೆಂಪಗೆ ಹುರಿದರೆ ಕಿಣ್ವ ಸತ್ತುಹೋಗಿ, ಮೊಳಕೆ ಕಟ್ಟಿದ ಶ್ರಮವೆಲ್ಲ ದಂಡ. ಕಾಯಿಸುವಾಗಲೂ ಹಿಟ್ಟನ್ನು ಕುದಿಯುವ ನೀರಿಗೆ ಹಾಕಬೇಡಿ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತ ನಿಧಾನವಾಗಿ ಬಿಸಿಯೇರಿಸಿ. ಕಿಣ್ವಕ್ಕೆ ಕೆಲಸ ಮುಗಿಸಲು ಸಮಯ ಸಿಗುತ್ತದೆ. ಕೊನೆಗೆ ಕೆಲವು ನಿಮಿಷ ಚೆನ್ನಾಗಿ ಕುದಿಸಲೇಬೇಕು, ಮೊಳಕೆಯ ತೇವದಲ್ಲಿ ಬೆಳೆದಿರಬಹುದಾದ ರೋಗಾಣುಗಳು ಸಾಯಬೇಕಲ್ಲ. ಚಮಚ ಓರೆ ಮಾಡಿದರೆ ತಟ್ಟನೆ ಸೋರಿಹೋಗದಿರುವುದು ಸರಿಯಾದ ಹದ. ಮೇಲೆ ಒಂದಿಷ್ಟು ತುಪ್ಪ ಹಾಕಬಹುದು. ಜೇನುತುಪ್ಪ ಮಾತ್ರ ವರ್ಷ ತುಂಬುವವರೆಗೆ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬೀಜಾಣುಗಳು ಹಸುಗೂಸಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಕಾಯಿಲೆ ತರಬಲ್ಲವು.

ಅಂಟುವಾಳದ ನೀರು

ಗ್ರಂದಿಗೆ ಅಂಗಡಿಯಲ್ಲಿ ಅಂಟುವಾಳ ಅಥವಾ ನೊರೆಕಾಯಿ ಎಂದು ಕೇಳಿದರೆ ಸಿಗುತ್ತದೆ. ಬೀಜ ತೆಗೆದು ಸಿಪ್ಪೆಯನ್ನಷ್ಟೇ ಇಟ್ಟುಕೊಳ್ಳಿ, ನೊರೆಯಿರುವುದು ಅದರಲ್ಲೇ. ಒಂದು ಹಿಡಿ ಸಿಪ್ಪೆಯನ್ನು ಒಂದು ಲೀಟರ್ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ 15–20 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿ.

ಇದರಲ್ಲಿ ಕೆಲಸ ಮಾಡುವುದು ಸಪೋನಿನ್. ಅದರ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದ ಜಿಡ್ಡು ನೀರಿನ ಜೊತೆ ಬಿಟ್ಟುಹೋಗುತ್ತದೆ. ಸೋಪಿನ ಕೆಲಸವೂ ಇದೇ. ಆದರೆ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಜಿಗುಟಾಗಿ ಬಟ್ಟೆಗೆ ಅಂಟುತ್ತದೆ; ಸಪೋನಿನ್‌ಗೆ ಆ ತೊಂದರೆಯಿಲ್ಲ. ಕ್ಷಾರವೂ ಇಲ್ಲದ್ದರಿಂದ ರೇಷ್ಮೆ, ಉಣ್ಣೆಯ ಎಳೆ ಹಾಳಾಗುವುದಿಲ್ಲ. ನಾಮಕರಣಕ್ಕೆ ತಂದ ರೇಷ್ಮೆ ಲಂಗ, ಉಣ್ಣೆಯ ಕುಲಾವಿ, ಸ್ವೆಟರ್, ಮಗುವಿನ ಚಿನ್ನದ ಬಳೆ ತೊಳೆಯಲು ಇದು ಹೇಳಿ ಮಾಡಿಸಿದ್ದು.

ಅರಿಸಿನದ ಕಲೆಗೆ, ಹೇಲಿನ ಬಟ್ಟೆಗೆ ಇದರ ಶಕ್ತಿ ಸಾಲದು. ಕೈ ತೊಳೆಯಲು ಸೋಪೇ ಇರಲಿ. ಕಣ್ಣಿಗೆ ಬಿದ್ದರೆ ಭಯಂಕರ ಉರಿ, ಹಾಗಾಗಿ ಎಳೆಮಗುವಿನ ತಲೆಗೆ ಬೇಡ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿಯುತ್ತದೆ. ಸ್ವಲ್ಪ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಡಿ.

ಸೋಡಾ ಬೇರೆ, ಹುಳಿ ಬೇರೆ

ಅಡುಗೆ ಸೋಡಾ ಮತ್ತು ವಿನಿಗರ್ ಬೆರೆಸಿದಾಗ ಬುಸುಬುಸು ಉಕ್ಕುವುದನ್ನು ಕಂಡು ಕೊಳೆ ಓಡುತ್ತಿದೆ ಎಂದುಕೊಳ್ಳುತ್ತೇವೆ. ನಿಜದಲ್ಲಿ ಒಂದು ಇನ್ನೊಂದರ ಶಕ್ತಿಯನ್ನು ಕಳೆಯುತ್ತಿರುತ್ತದೆ. ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಬೇರೆಬೇರೆಯಾಗಿ ಬಳಸಿದರೆ ಎರಡೂ ಒಳ್ಳೆಯವೇ. ಮಗು ಕಕ್ಕಿದ ಹಾಲಿನ ಹುಳಿವಾಸನೆ ಹಾಸಿಗೆಗೆ ಹಿಡಿದಿದ್ದರೆ, ಒರೆಸಿ ಒಣಗಿಸಿ ಮೇಲೆ ಸೋಡಾ ಉದುರಿಸಿ, ಕೆಲವು ಗಂಟೆ ಬಿಟ್ಟು ಬ್ರಶ್ಶಿನಿಂದ ತೆಗೆಯಿರಿ. ಆ ವಾಸನೆ ಆಮ್ಲದ್ದು, ಅದನ್ನು ಸೋಡಾ ಶಮನ ಮಾಡುತ್ತದೆ. ನಲ್ಲಿ, ಬಕೆಟ್ಟಿನ ಮೇಲಿನ ಬಿಳಿ ಉಪ್ಪುಗಟ್ಟಿಗೆ ನಿಂಬೆಹಣ್ಣು ಅಥವಾ ವಿನಿಗರ್, ಹಿತ್ತಾಳೆ, ತಾಮ್ರದ ಕಿಲುಬಿಗೆ ಹುಣಸೆಹಣ್ಣು: ಅಲ್ಲಿ ಬೇಕಾದದ್ದು ಹುಳಿ.

ಬಟ್ಟೆಯ ಲಂಗೋಟಿಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಡಿಟರ್ಜೆಂಟ್ ಮತ್ತು ಬಿಸಿನೀರು. ಮೊದಲೇ ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಡಿಟರ್ಜೆಂಟ್ ಉಳಿಯದಂತೆ ಜಾಲಿಸಿ, ಹಿಂಡಿ, ಬಿಸಿಲಿಗೆ ಹಾಕಿ. ಉಚ್ಚೆ ಬಟ್ಟೆಯ ಬಕೆಟ್ಟಿಗೆ ಬ್ಲೀಚ್ ಸುರಿಯಬೇಡಿ. ಹಳೆಯ ಮೂತ್ರದ ಅಮೋನಿಯಾ ಅದರೊಂದಿಗೆ ಸೇರಿ ಉಸಿರು ಕಟ್ಟಿಸುವ ಅನಿಲವಾಗುತ್ತದೆ. ಬ್ಲೀಚಿಗೆ ಟಾಯ್ಲೆಟ್ ಆಸಿಡ್ ಸೇರಿದರೆ ಬರುವುದು ಕ್ಲೋರಿನ್. ನೀರು ತುಂಬಿದ ಬಕೆಟ್ಟನ್ನು ಅಂಬೆಗಾಲಿಡುವ ಮಗುವಿನ ಕೈಗೆಟುಕುವಲ್ಲಿ ಬಿಡಲೂಬಾರದು.

ಮನೆಯಲ್ಲಿ ಮಾಡದಿರುವುದೇ ಮೇಲು

ನೆಗಡಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ಹಚ್ಚುವ ರೂಢಿ ನಮ್ಮಲ್ಲಿದೆ. ಕರ್ಪೂರ ಚರ್ಮದ ಮೂಲಕವೂ ಒಳಸೇರಿ ಎಳೆಮಕ್ಕಳಿಗೆ ಫಿಟ್ಸ್ ತರಬಲ್ಲದು. ಬರಿ ಕೊಬ್ಬರಿ ಎಣ್ಣೆಯ ನೀವುವಿಕೆ ಸಾಕು.

ಕಾಡಿಗೆ ಮನೆಯದಾದರೂ ಅದು ಮಸಿಯೇ. ಹಚ್ಚುವ ಬೆರಳಿನಿಂದ ಕಣ್ಣಿಗೆ ಸೋಂಕು ತಗುಲಬಹುದು. ಅಂಗಡಿಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಸಿಕ್ಕಿದೆ. ದೃಷ್ಟಿಬೊಟ್ಟು ಬೇಕೇಬೇಕೆಂದರೆ ಅಂಗಾಲಿಗೆ ಇಡಿ.

ಭೇದಿಯಾದಾಗ ಓಆರ್‌ಎಸ್ ಪೊಟ್ಟಣವೇ ಸರಿ. ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅದು ಕೈಸೇರುವವರೆಗೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ತಲೆ ಸವರಿ ಅಳೆದು ಹಾಕಿ. ಇಲ್ಲಿ ಕಣ್ಣಂದಾಜು ನಡೆಯದು. ಉಪ್ಪು ಹೆಚ್ಚಾದರೆ ಜೀವಕ್ಕೇ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿ ಜೋರಾಗುತ್ತದೆ.

ಮಗುವಿನ ಬಟ್ಟೆಯ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಬೇಡ. ಹುಟ್ಟಿನಿಂದ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ, ಗುಳಿಗೆಯಲ್ಲಿರುವ ನ್ಯಾಫ್ತಲಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕೊರತೆ ಇದೆಯೆಂದು ಮನೆಯವರಿಗೆ ಗೊತ್ತಿರುವುದೂ ಇಲ್ಲ. ಒಣಗಿದ ಬೇವಿನೆಲೆ ಅಥವಾ ಲಾವಂಚದ ಬೇರು ಇಡಬಹುದು.

ಕೊನೆಯದಾಗಿ ಬಾಟಲಿಯ ವಿಷಯ. ಸೀಮೆಎಣ್ಣೆಯಾಗಲಿ, ಫಿನೈಲಾಗಲಿ, ಮನೆಯಲ್ಲೇ ಮಾಡಿದ ಅಂಟುವಾಳದ ನೀರಾಗಲಿ, ಕುಡಿಯುವ ನೀರಿನ ಅಥವಾ ಜ್ಯೂಸಿನ ಹಳೇ ಬಾಟಲಿಗೆ ತುಂಬಬೇಡಿ. ಮಗುವಿಗೆ ಗುರುತು ಸಿಗುವುದು ಬಾಟಲಿಯದೇ ಹೊರತು ಒಳಗಿರುವುದರದಲ್ಲ. ಬೇರೆ ಡಬ್ಬಕ್ಕೆ ಹಾಕಿ, ಹೆಸರು, ತಾರೀಖು ಬರೆದು, ಮಗುವಿನ ಕೈಗೆಟುಕದ ಕಡೆ ಇಡಿ. ಅಪ್ಪಿತಪ್ಪಿ ಮಗು ಕುಡಿದರೆ ಉಪ್ಪುನೀರು ಕುಡಿಸಿಯೋ ಗಂಟಲಿಗೆ ಬೆರಳು ಹಾಕಿಯೋ ವಾಂತಿ ಮಾಡಿಸಬೇಡಿ; ಸೀಮೆಎಣ್ಣೆ ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿದರೆ ಹಾನಿ ಇನ್ನೂ ಹೆಚ್ಚು. ತಡಮಾಡದೆ 108ಕ್ಕೆ ಕರೆ ಮಾಡಿ, ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ.