ವೈದ್ಯರು ಬರುವ ಮೊದಲು: ನರ್ಸ್‌ಗಳಿಗೆ ಪುನಶ್ಚೇತನ ತರಬೇತಿ ಏಕೆ ಬೇಕು?

ವೃತ್ತಿ ಮಾರ್ಗದರ್ಶನ ಕಾರ್ಯಕ್ರಮಕ್ಕೆಂದು ನಮ್ಮ ಕಾಲೇಜಿಗೆ ಬಂದಿದ್ದಾಗ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದ್ದಳು: "ಮೇಡಂ, ರೋಗಿಯ ಹೃದಯ ನಿಂತರೆ ಡಾಕ್ಟರ್ ಓಡಿ ಬರುತ್ತಾರಲ್ಲ, ಆಗ ನರ್ಸ್‌ಗೆ ಏನು ಕೆಲಸ?" ಅಂದು ಸಮಯ ಕಡಿಮೆಯಿತ್ತು, ಎರಡೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಿದ್ದೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಇದೇ ಕಾಲೇಜಿನಲ್ಲಿ ಪಿಸಿಎಂಬಿ ಓದಿದವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ, ಈಗ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತಾ ಹೊಸ ನರ್ಸ್‌ಗಳಿಗೆ ತುರ್ತು ಆರೈಕೆಯ ತರಬೇತಿಯನ್ನೂ ಕೊಡುತ್ತಿದ್ದೇನೆ.

ಹೃದಯ ನಿಂತಾಗ ಆಗುವುದೇನು?

ಹೃದಯಾಘಾತ ಮತ್ತು ಹೃದಯ ಸ್ತಂಭನ ಒಂದೇ ಎಂದು ಹಲವರು ತಿಳಿದಿದ್ದಾರೆ. ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಮುಚ್ಚಿಕೊಳ್ಳುತ್ತದೆ. ರೋಗಿಗೆ ಎದೆನೋವು ಇರಬಹುದು, ಆದರೆ ಆತ ಮಾತನಾಡುತ್ತಿರುತ್ತಾನೆ, ಹೃದಯ ಬಡಿಯುತ್ತಿರುತ್ತದೆ. ಹೃದಯ ಸ್ತಂಭನದಲ್ಲಿ ಹೃದಯ ರಕ್ತ ಪಂಪ್ ಮಾಡುವುದನ್ನೇ ನಿಲ್ಲಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಸುಮಾರು 4ರಿಂದ 6 ನಿಮಿಷಗಳಲ್ಲಿ ಮಿದುಳಿಗೆ ಶಾಶ್ವತ ಹಾನಿ ಆರಂಭವಾಗುತ್ತದೆ. ಶಾಕ್ ಕೊಟ್ಟು ಸರಿಪಡಿಸಬಹುದಾದ ಸ್ತಂಭನದಲ್ಲಿಯೂ ಸಿಪಿಆರ್ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ.

ಈಗ ಆಸ್ಪತ್ರೆಯ ಒಂದು ವಾರ್ಡನ್ನು ಕಲ್ಪಿಸಿಕೊಳ್ಳಿ. ರಾತ್ರಿ ಮೂರು ಗಂಟೆ. ಡ್ಯೂಟಿ ಡಾಕ್ಟರ್ ಇನ್ನೊಂದು ಮಹಡಿಯಲ್ಲಿ ಇನ್ನೊಬ್ಬ ರೋಗಿಯ ಬಳಿ ಇದ್ದಾರೆ. ಅವರು ಕರೆ ಸ್ವೀಕರಿಸಿ, ಮೆಟ್ಟಿಲು ಇಳಿದು ಬರಲು ಎರಡು ಮೂರು ನಿಮಿಷ ಬೇಕು. ಆ ನಿಮಿಷಗಳಲ್ಲಿ ಹಾಸಿಗೆಯ ಪಕ್ಕ ಇರುವವರು ನರ್ಸ್ ಒಬ್ಬರೇ.

ತರಬೇತಿಯಲ್ಲಿ ಕಲಿಸುವುದೇನು?

ಎದೆಯನ್ನು ಹೊರಗಿನಿಂದ ಒತ್ತಿ ರಕ್ತ ಚಲನೆ ಉಳಿಸಿಕೊಳ್ಳಬಹುದು ಎಂಬುದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ 1960ರಲ್ಲಿ ಪ್ರಕಟಿಸಿದರು. ಅದೇ ಹೊತ್ತಿಗೆ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ ಈ ವಿದ್ಯೆಯ ಅಭ್ಯಾಸಕ್ಕಾಗಿ 'ರಿಸಸಿ ಆನ್' ಎಂಬ ಬೊಂಬೆ ಮಾಡಿದರು. ಇಂದಿಗೂ ನರ್ಸ್‌ಗಳು ಇಂಥ ಬೊಂಬೆಗಳ ಮೇಲೆಯೇ ಕಲಿಯುತ್ತಾರೆ.

ಮೊದಲ ಪಾಠ ಸರಳ. ರೋಗಿಯ ಭುಜ ತಟ್ಟಿ ಕರೆಯಬೇಕು. ಪ್ರತಿಕ್ರಿಯೆ ಇಲ್ಲದಿದ್ದರೆ ಸಹಾಯಕ್ಕೆ ಕೂಗಬೇಕು. ಕುತ್ತಿಗೆಯ ನಾಡಿ ಮತ್ತು ಉಸಿರಾಟವನ್ನು ಒಟ್ಟಿಗೆ ನೋಡಬೇಕು, ಅದಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸಮಯ ತೆಗೆದುಕೊಳ್ಳಬಾರದು. ನಾಡಿ ಸಿಗದಿದ್ದರೆ ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಇಟ್ಟು, ಮೊಣಕೈ ಮಡಿಸದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಇಲ್ಲದಿದ್ದರೆ ಹೃದಯಕ್ಕೆ ಮತ್ತೆ ರಕ್ತ ತುಂಬುವುದಿಲ್ಲ. 30 ಒತ್ತುಗಳ ನಂತರ ಚೀಲ ಮತ್ತು ಮುಖವಾಡದಿಂದ ಎರಡು ಉಸಿರು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ದಣಿದ ಕೈ ಆಳಕ್ಕೆ ಒತ್ತುವುದಿಲ್ಲ, ಆದರೆ ದಣಿದವರಿಗೆ ಅದು ಗೊತ್ತಾಗುವುದಿಲ್ಲ.

ನಂತರ ಡಿಫಿಬ್ರಿಲೇಟರ್. ಸಿನಿಮಾಗಳಲ್ಲಿ ಮಾನಿಟರಿನ ಗೆರೆ ನೇರವಾದ ತಕ್ಷಣ ಶಾಕ್ ಕೊಡುತ್ತಾರೆ. ಇದು ತಪ್ಪು. ಹೃದಯ ಗೊತ್ತುಗುರಿಯಿಲ್ಲದೆ ಅದುರುತ್ತಿರುವಾಗ ಅಥವಾ ನಾಡಿ ಸಿಗದಷ್ಟು ಅತಿವೇಗವಾಗಿ ಬಡಿಯುತ್ತಿರುವಾಗ ಮಾತ್ರ ಶಾಕ್ ಉಪಯೋಗಕ್ಕೆ ಬರುತ್ತದೆ. ಗೆರೆ ನೇರವಾಗಿದ್ದರೆ ಎದೆ ಒತ್ತುವುದು ಮತ್ತು 3ರಿಂದ 5 ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ ಅಡ್ರಿನಲಿನ್ ಕೊಡುವುದೇ ದಾರಿ. ಅದರ ಜೊತೆಗೆ ಸ್ತಂಭನದ ಕಾರಣವನ್ನೂ ಹುಡುಕಬೇಕು.

ಇದರೊಂದಿಗೆ ಮಾತನಾಡುವುದನ್ನೂ ಕಲಿಸುತ್ತೇವೆ. "ಅಡ್ರಿನಲಿನ್ 1 ಮಿಲಿಗ್ರಾಂ ಕೊಡಿ" ಎಂದರೆ, ಕೊಡುವವರು ಅದನ್ನೇ ಗಟ್ಟಿಯಾಗಿ ಪುನರುಚ್ಚರಿಸಬೇಕು, ಕೊಟ್ಟ ಮೇಲೆ "ಕೊಟ್ಟಾಯಿತು" ಎನ್ನಬೇಕು. ಗದ್ದಲದಲ್ಲಿ ಒಂದೇ ಔಷಧ ಎರಡು ಬಾರಿ ಹೋಗುವುದನ್ನು, ಇಲ್ಲವೇ ಹೋಗದೇ ಉಳಿಯುವುದನ್ನು ತಡೆಯುವುದು ಈ ಅಭ್ಯಾಸವೇ.

ನಮ್ಮ ದೇಶದಲ್ಲಿ 2021ರ ಪರಿಷ್ಕೃತ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ಹೃದಯ ಪುನಶ್ಚೇತನದ ತರಬೇತಿಯನ್ನು ಸೇರಿಸಲಾಗಿದೆ. ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸ್‌ಗಳಿಂದಲೂ ಸಾಮಾನ್ಯವಾಗಿ ಇದರ ಪ್ರಮಾಣಪತ್ರ ಕೇಳುತ್ತಾರೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪ್ರಮಾಣಪತ್ರದ ಅವಧಿ ಎರಡು ವರ್ಷ.

ಪ್ರಮಾಣಪತ್ರ ಇತ್ತು, ಕೈ ಏಳಲಿಲ್ಲ

ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ರಾತ್ರಿಯನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. ನನ್ನ ಬಳಿ ಪ್ರಮಾಣಪತ್ರ ಇತ್ತು. ಅದನ್ನು ಪಡೆದು ಎಂಟು ತಿಂಗಳಾಗಿತ್ತು, ಆ ಎಂಟು ತಿಂಗಳಲ್ಲಿ ಒಮ್ಮೆಯೂ ಬೊಂಬೆ ಮುಟ್ಟಿರಲಿಲ್ಲ. ವಯಸ್ಸಾದ ರೋಗಿಯೊಬ್ಬರ ಮಗ ಬಂದು, "ಸಿಸ್ಟರ್, ಅಪ್ಪನ ಉಸಿರು ಒಂಥರಾ ಇದೆ" ಎಂದರು. ಹೋಗಿ ನೋಡಿದೆ. ಅವರು ಬಾಯಿ ತೆರೆದು, ಬಹಳ ಅಂತರದಲ್ಲಿ, ಗೊರಕೆಯಂತೆ ಒಂದೊಂದೇ ಉಸಿರು ಎಳೆಯುತ್ತಿದ್ದರು. ಉಸಿರಾಡುತ್ತಿದ್ದಾರಲ್ಲ ಎಂದುಕೊಂಡು ರಕ್ತದೊತ್ತಡದ ಉಪಕರಣ ತರಲು ಹೋದೆ. ನಾನು ವಾಪಸ್ ಬರುವಷ್ಟರಲ್ಲಿ ಹಿರಿಯ ಸಿಸ್ಟರ್ ಹಾಸಿಗೆಯ ಪಕ್ಕದಲ್ಲಿ ಸ್ಟೂಲ್ ಹತ್ತಿ ಎದೆ ಒತ್ತುತ್ತಿದ್ದರು.

ಅದು ಉಸಿರಾಟವಾಗಿರಲಿಲ್ಲ. ಹೃದಯ ನಿಂತ ಮೇಲೆ ಮೊದಲ ನಿಮಿಷಗಳಲ್ಲಿ ಮಿದುಳಿನ ಕಾಂಡದಿಂದ ಬರುವ ಕೊನೆಯ ಏದುಸಿರು ಅದು. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಾನು ಸರಿಯಾದ ಉತ್ತರ ಬರೆದಿದ್ದೆ. ರೋಗಿ ಉಳಿಯಲಿಲ್ಲ. ನಾನು ಆ ಒಂದು ನಿಮಿಷ ಕಳೆಯದಿದ್ದರೆ ಉಳಿಯುತ್ತಿದ್ದರೇ ಎಂದು ಯಾರೂ ಹೇಳಲಾರರು. ಆದರೆ ಆ ನಿಮಿಷ ನನ್ನ ಲೆಕ್ಕದಲ್ಲಿದೆ.

ಇನ್ನೊಂದು ಸಂಗತಿ ಬೆಳಿಗ್ಗೆ ತಿಳಿಯಿತು. ಅವರ ಚಾರ್ಟಿನಲ್ಲಿ ಸಂಜೆಯಿಂದ ಉಸಿರಾಟದ ಸಂಖ್ಯೆ 18, 18, 18 ಎಂದೇ ಇತ್ತು. ಕೊನೆಯ 18 ನನ್ನ ಕೈಬರಹ. ನಾನು ಎಣಿಸಿರಲಿಲ್ಲ, ಮೇಲಿನದನ್ನು ನೋಡಿ ಬರೆದಿದ್ದೆ.

ಆಸ್ಪತ್ರೆಯೊಳಗೆ ಹೃದಯ ನಿಲ್ಲುವ ಅನೇಕ ರೋಗಿಗಳಲ್ಲಿ ಗಂಟೆಗಳ ಮೊದಲೇ ಸೂಚನೆಗಳು ಕಾಣಿಸುತ್ತವೆ. ಉಸಿರಾಟದ ವೇಗ ಹೆಚ್ಚುವುದು ಅವುಗಳಲ್ಲಿ ಮುಖ್ಯವಾದದ್ದು. ಅದಕ್ಕಾಗಿಯೇ ಇಂದಿನ ತರಬೇತಿ ಎದೆ ಒತ್ತುವುದರಿಂದ ಆರಂಭವಾಗುವುದಿಲ್ಲ. ಶ್ವಾಸಮಾರ್ಗ, ಉಸಿರಾಟ, ರಕ್ತ ಪರಿಚಲನೆ, ಪ್ರಜ್ಞೆ, ಮೈಯ ಪೂರ್ತಿ ಪರೀಕ್ಷೆ ಎಂಬ ಐದು ಹಂತಗಳಲ್ಲಿ ರೋಗಿಯನ್ನು ನೋಡುವುದನ್ನು, ಒಂದು ಹಂತದಲ್ಲಿ ಕಂಡ ತೊಂದರೆಯನ್ನು ಅಲ್ಲೇ ಸರಿಪಡಿಸಿ ಮುಂದೆ ಹೋಗುವುದನ್ನು ಕಲಿಸುತ್ತೇವೆ. ಬ್ರಿಟನ್‌ನಲ್ಲಿ 2012ರಿಂದ ನಾಡಿ, ಉಸಿರಾಟ, ರಕ್ತದೊತ್ತಡ ಮೊದಲಾದವುಗಳಿಗೆ ಅಂಕ ಕೊಟ್ಟು, ಅಂಕ ಏರಿದರೆ ವೈದ್ಯರನ್ನು ಕರೆಯುವ ರಾಷ್ಟ್ರೀಯ ಪದ್ಧತಿ ಬಂದಿದೆ. ಒಳ್ಳೆಯ ಪದ್ಧತಿ. ಆದರೆ ಯಾರಾದರೂ ನಿಜವಾಗಿ ಎಣಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಕಲಿತದ್ದು ಮಾಸುತ್ತದೆ ಎಂಬುದೂ ಸಾಬೀತಾದ ವಿಷಯ. ತರಬೇತಿಯ ನಂತರ ಮೂರರಿಂದ ಆರು ತಿಂಗಳಲ್ಲೇ ಕೈಚಳಕ ಕಡಿಮೆಯಾಗುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಇಡೀ ದಿನದ ತರಗತಿ ಸಾಲದು, ಆಗಾಗ ಹತ್ತು ನಿಮಿಷದ ಅಭ್ಯಾಸ ಬೇಕು. ನನ್ನ ವಾರ್ಡಿನಲ್ಲಿ ಮುನ್ಸೂಚನೆಯಿಲ್ಲದೆ ಬೊಂಬೆಯನ್ನು ಖಾಲಿ ಹಾಸಿಗೆಯ ಮೇಲೆ ಮಲಗಿಸಿ ಗಡಿಯಾರ ಹಿಡಿದು ನಿಲ್ಲುತ್ತೇನೆ. ಮೊದಮೊದಲು ಹುಡುಗಿಯರು ನಗುತ್ತಾರೆ. ಮೊದಲ ಒತ್ತಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಹೇಳಿದ ಮೇಲೆ ಯಾರೂ ನಗುವುದಿಲ್ಲ.

ಸಂಕೋಚದ ಪ್ರಶ್ನೆ

ನಮ್ಮ ಹೆಣ್ಣುಮಕ್ಕಳು ಮೆಲುದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ: ಪರಪುರುಷನ ಎದೆ ಮುಟ್ಟುವುದು ಹೇಗೆ? ಹುಡುಗರೂ ಇದನ್ನೇ ತಿರುಗಿಸಿ ಕೇಳುತ್ತಾರೆ. ಮದೀನಾದಲ್ಲಿ ಗಾಯಾಳುಗಳನ್ನು ಆರೈಕೆ ಮಾಡಿದ ರುಫೈದಾ (ರ) ಅವರ ಹೆಸರನ್ನು ನೀವು ಕೇಳಿರಬಹುದು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರನ್ನು ಆರೈಕೆಗಾಗಿ ಇರಿಸಿದ್ದು ಆಕೆಯ ಡೇರೆಯಲ್ಲೇ. ಜೀವ ಉಳಿಸುವ ಅನಿವಾರ್ಯತೆ ಎದುರಾದಾಗ ಸಾಮಾನ್ಯ ದಿನದ ಮಿತಿಗಳು ಸಡಿಲವಾಗುತ್ತವೆ ಎಂಬುದು ನಮ್ಮ ಧರ್ಮಶಾಸ್ತ್ರಕ್ಕೆ ಹೊಸ ಮಾತಲ್ಲ.

ಈ ಸಂಕೋಚಕ್ಕೆ ಬೆಲೆ ತೆರುವವರು ಹೆಚ್ಚಾಗಿ ಮಹಿಳೆಯರೇ. ಸಾರ್ವಜನಿಕ ಸ್ಥಳದಲ್ಲಿ ಕುಸಿದುಬಿದ್ದ ಮಹಿಳೆಯರಿಗೆ ಪುರುಷರಿಗಿಂತ ಕಡಿಮೆ ಸಿಪಿಆರ್ ಸಿಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಶಾಕ್ ಪ್ಯಾಡ್ ಅಂಟಿಸಲು ಬರಿಯ ಚರ್ಮವೇ ಬೇಕು, ಬಟ್ಟೆ ಸರಿಸಲೇಬೇಕು. ಪ್ಯಾಡ್ ಅಂಟಿಸಿದ ಮೇಲೆ ಹೊದಿಕೆ ಹಾಕಿ, ಪರದೆ ಎಳೆದು, ಬೇಡದವರನ್ನು ಹೊರಗೆ ಕಳುಹಿಸಲು ಒಬ್ಬರನ್ನು ನೇಮಿಸಿ ಎಂದು ನಾನು ಕಲಿಸುತ್ತೇನೆ. ರೋಗಿಯ ಮಾನವನ್ನೂ ಪ್ರಾಣವನ್ನೂ ಒಟ್ಟಿಗೆ ಕಾಪಾಡಲು ಸಾಧ್ಯವಿದೆ. ಆದರೆ ಮೊದಲ ಕೈ ತಡವಾಗಬಾರದು.

ನೀವು ಏನು ಮಾಡಬಹುದು?

ನರ್ಸಿಂಗ್ ಓದದವರಿಗೂ ಇದರಲ್ಲಿ ಪಾಲಿದೆ. ಜನಸಾಮಾನ್ಯರಿಗಾಗಿ ಭಾರತೀಯ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಬಾಯಿಯಿಂದ ಉಸಿರು ಕೊಡುವ ಅಗತ್ಯವೇ ಇಲ್ಲ. ಕುಸಿದುಬಿದ್ದ ವಯಸ್ಕರು ಕರೆದರೆ ಓಗೊಡದಿದ್ದರೆ, ಸರಿಯಾಗಿ ಉಸಿರಾಡದಿದ್ದರೆ, 108ಕ್ಕೆ ಕರೆ ಮಾಡಿಸಿ. ಎದೆಯ ನಡುವೆ ಎರಡೂ ಕೈ ಇಟ್ಟು, ಸಹಾಯ ಬರುವವರೆಗೆ ಜೋರಾಗಿ, ವೇಗವಾಗಿ ಒತ್ತುತ್ತಿರಿ. ಏದುಸಿರನ್ನು ಉಸಿರಾಟ ಎಂದುಕೊಂಡು ನನ್ನಂತೆ ಮೋಸಹೋಗಬೇಡಿ. ಮಕ್ಕಳಿಗೆ ಮತ್ತು ನೀರಿನಲ್ಲಿ ಮುಳುಗಿದವರಿಗೆ ಕೃತಕ ಉಸಿರೂ ಬೇಕಾಗುತ್ತದೆ. ಅದನ್ನು ತರಬೇತಿಯಲ್ಲಿ ಕಲಿಯಿರಿ.

ಒಂದು ಜೀವ ಉಳಿಸುವುದರ ಮಹತ್ವವನ್ನು ಹೇಳುವ ಅಲ್ ಮಾಇದಾ ಅಧ್ಯಾಯದ 32ನೇ ವಚನದ ಅರ್ಥವನ್ನು ನಾವು ಈ ಕಾಲೇಜಿನ ಅಸೆಂಬ್ಲಿಯಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಕೇಳಿದ್ದನ್ನು ಕೈಗೆ ಕಲಿಸುವುದು ಉಳಿದಿದೆ. ಪ್ರಾಂಶುಪಾಲರು ಒಪ್ಪಿದರೆ ಒಂದು ಶನಿವಾರ ಎರಡು ಬೊಂಬೆಗಳೊಂದಿಗೆ ನಾನು ಬರುತ್ತೇನೆ. ವಿದ್ಯಾರ್ಥಿಗಳ ಜೊತೆ ಉಪನ್ಯಾಸಕರು, ಕಚೇರಿ ಸಿಬ್ಬಂದಿ, ಬಸ್ ಚಾಲಕರೂ ಇರಲಿ. ಎಲ್ಲರೂ ಎರಡು ನಿಮಿಷ ಒತ್ತಿ ನೋಡೋಣ. ಎಷ್ಟು ಸುಸ್ತಾಗುತ್ತದೆ ಎಂಬುದೇ ಅಂದಿನ ಮೊದಲ ಪಾಠ.