ಒಂದು ವರ್ಷ ಬೇಡದ್ದನ್ನು ಕೊಳ್ಳದಿದ್ದರೆ?

ಸಹೋದರಿ, ಇಂದು ಸ್ವಲ್ಪ ಬಿಡುವಿದ್ದರೆ ನಿಮ್ಮ ಬಟ್ಟೆಯ ಕಪಾಟನ್ನೊಮ್ಮೆ ತೆರೆದು ನೋಡಿ. ಒಂದೇ ಒಂದು ಮದುವೆಗೆ ಧರಿಸಿ ಮಡಚಿಟ್ಟ ಚೂಡಿದಾರಗಳು ಎಷ್ಟಿವೆ? ಬುರ್ಖಾಗಳು ಎಷ್ಟಿವೆ? ಅವುಗಳಲ್ಲಿ ಕಳೆದ ಆರು ತಿಂಗಳಲ್ಲಿ ಧರಿಸಿದವು ಎಷ್ಟು? ಬಳಿಕ ಅಡುಗೆಮನೆಯ ಅಟ್ಟದತ್ತ ನೋಡಿ. ಪೆಟ್ಟಿಗೆಯಿಂದ ಹೊರಬಾರದ ಗಾಜಿನ ತಟ್ಟೆಗಳ ಸೆಟ್ಟು, ಎರಡು ಸಲ ಬಳಸಿ ಎತ್ತಿಟ್ಟ ಸ್ಯಾಂಡ್‌ವಿಚ್ ಮೇಕರ್, ಒಂದರೊಳಗೊಂದು ಕೂತ ಪ್ಲಾಸ್ಟಿಕ್ ಡಬ್ಬಿಗಳು ಅಲ್ಲಿವೆಯಲ್ಲವೇ?

ಈಗ ಇನ್ನೊಂದು ಪ್ರಶ್ನೆ. ನಾಳೆ ಬೆಳಗ್ಗೆ ಆಸ್ಪತ್ರೆಗೋ ಶಾಲೆಗೋ ಹತ್ತು ಸಾವಿರ ರೂಪಾಯಿ ಕಟ್ಟಬೇಕಾಗಿ ಬಂದರೆ, ಯಾರಲ್ಲೂ ಕೈಚಾಚದೆ, ಬಳೆ ಅಡವಿಡದೆ ಹೊಂದಿಸಲು ನಿಮ್ಮಿಂದ ಸಾಧ್ಯವೇ?

ಮನೆ ತುಂಬ ವಸ್ತುಗಳಿವೆ, ಕೈ ಮಾತ್ರ ಬರಿದು. ಇಂದು ನಮ್ಮ ಎಷ್ಟೋ ಕುಟುಂಬಗಳ ಸ್ಥಿತಿ ಇದು. ಶಿಕ್ಷಕ ವೃತ್ತಿಯಲ್ಲಿರುವವರಿಗೆ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈದುಲ್ ಫಿತ್ರ್ ಮಾರ್ಚ್-ಏಪ್ರಿಲ್‌ನಲ್ಲಿ ಬರುತ್ತಿದೆ. ಅದಾಗಿ ಎರಡೇ ತಿಂಗಳಿಗೆ ಶಾಲೆ ಆರಂಭ. ಈದ್‌ಗೆ ಮಕ್ಕಳಿಗೆ ತಲಾ ಮೂರು ಜೊತೆ ಬಟ್ಟೆ ಕೊಂಡ ಮನೆಯವರೇ ಜೂನ್‌ನಲ್ಲಿ ಫೀಸಿಗೆ ಸಮಯ ಕೇಳಿ ನಿಲ್ಲುತ್ತಾರೆ. ಅವರು ಬಡವರಲ್ಲ, ಸೋಮಾರಿಗಳೂ ಅಲ್ಲ. ಅವರ ದುಡಿಮೆ ಎಲ್ಲಿ ಸೋರಿಹೋಯಿತೆಂದು ಅವರಿಗೇ ಗೊತ್ತಿರುವುದಿಲ್ಲ.

ಈ ಸೋರಿಕೆಯನ್ನು ನಿಲ್ಲಿಸಲು ಒಂದು ಸರಳ ದಾರಿಯಿದೆ. ಒಂದು ವರ್ಷ, ಒಂದೇ ಒಂದು ವರ್ಷ, ಅನಗತ್ಯ ಖರೀದಿಯನ್ನು ಕೈಬಿಟ್ಟು ನೋಡಿ.

ಇದು ಜಿಪುಣತನವಲ್ಲ

ಹೀಗೆ ಹೇಳಿದೊಡನೆ, "ಹಾಗಾದರೆ ತಿನ್ನುವುದೂ ಬೇಡವೇ? ಉಡುವುದೂ ಬೇಡವೇ?" ಎಂದು ಕೇಳುವವರಿದ್ದಾರೆ. ಇಸ್ಲಾಮ್ ಎರಡು ತುದಿಗಳನ್ನೂ ಒಪ್ಪುವುದಿಲ್ಲ. ಖರ್ಚಿನಲ್ಲಿ ದುಂದೂ ಮಾಡದ, ಬಿಗಿಯನ್ನೂ ತೋರದ, ನಡುವಿನ ಹಾದಿಯಲ್ಲಿ ಸಾಗುವವರನ್ನು ಪವಿತ್ರ ಕುರ್‌ಆನ್‌ನ ಅಲ್ ಫುರ್ಕಾನ್ ಅಧ್ಯಾಯವು ಪರಮ ದಯಾಮಯನ ದಾಸರ ಗುಣವಾಗಿ ಎಣಿಸುತ್ತದೆ. ದುಂದುಗಾರರಿಗೆ ಶೈತಾನನೊಂದಿಗೆ ನೆಂಟಸ್ತಿಕೆಯಿದೆ ಎಂದು ಎಚ್ಚರಿಸುವ ಅಲ್ ಇಸ್ರಾಅ್ ಅಧ್ಯಾಯವೇ, ಕೈಯನ್ನು ಕೊರಳಿಗೆ ಕಟ್ಟಿಕೊಂಡವರಂತೆ ಲೋಭಿಗಳಾಗಬಾರದೆಂದೂ ತಿಳಿಸುತ್ತದೆ.

ಆದ್ದರಿಂದ ಹೊಟ್ಟೆ ಕಟ್ಟುವುದು, ಬಂದ ಅತಿಥಿಗೆ ಚಹಾ ಕೊಡದಿರುವುದು, ಮಗುವಿನ ಔಷಧಿಯನ್ನು ಮುಂದೂಡುವುದು ಮಿತವ್ಯಯವಲ್ಲ. ಬೇಡದ್ದಕ್ಕೆ ಹೋಗುವ ಹಣವನ್ನು ತಡೆದು, ಬೇಕಾದದ್ದಕ್ಕೆ ಅದು ಕೈಯಲ್ಲಿರುವಂತೆ ನೋಡಿಕೊಳ್ಳುವುದೇ ಮಿತವ್ಯಯ.

ಮಾಡಿ ನೋಡಿದವರಿದ್ದಾರೆ

ಕೊಳ್ಳುಬಾಕತನ ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಅದರ ತವರಾದ ಪಶ್ಚಿಮದ ನಗರಗಳಲ್ಲೇ ಕೆಲವು ಮಹಿಳೆಯರು ಒಂದು ವರ್ಷ ಖರೀದಿ ಬಿಟ್ಟು, ಆ ಅನುಭವವನ್ನು ಬರೆದಿದ್ದಾರೆ.

ಅಮೆರಿಕದ ಕಾದಂಬರಿಗಾರ್ತಿ ಆನ್ ಪ್ಯಾಚೆಟ್ ಅವರಲ್ಲೊಬ್ಬರು. 2017ರ ಇಡೀ ವರ್ಷ ಅವರು ಬಟ್ಟೆ, ಪಾದರಕ್ಷೆ, ಕೈಚೀಲ, ಇಲೆಕ್ಟ್ರಾನಿಕ್ ವಸ್ತು ಯಾವುದನ್ನೂ ಕೊಳ್ಳಲಿಲ್ಲ. ದಿನಸಿ ಅಂಗಡಿಯಿಂದ ಬೇಕಾದದ್ದನ್ನು ತರಬಹುದಿತ್ತು. ಶಾಂಪೂ, ಬ್ಯಾಟರಿಯಂಥವನ್ನು ಮನೆಯಲ್ಲಿದ್ದದ್ದು ಪೂರ್ತಿ ಮುಗಿದ ಮೇಲೆಯೇ ಕೊಳ್ಳಬೇಕೆಂಬುದು ಅವರ ನಿಯಮ. ಆರಂಭದಲ್ಲೇ ತುಟಿಗೆ ಹಚ್ಚುವ ಮುಲಾಮು ಮುಗಿಯಿತು. ಕೊಳ್ಳುವ ಮೊದಲು ಮೇಜಿನ ಡ್ರಾಯರುಗಳನ್ನೂ ಕೋಟಿನ ಜೇಬುಗಳನ್ನೂ ತಡಕಿದರೆ ಅಲ್ಲೇ ಹಲವು ಸಿಕ್ಕವು! ಬಚ್ಚಲಲ್ಲಿ ಹುಡುಕಿದಾಗ ವರ್ಷಗಳಿಗಾಗುವಷ್ಟು ಸಾಬೂನು, ಲೋಷನ್ ಹೊರಬಂದವು. ಕೈಗೆ ಕಟ್ಟುವ ಫಿಟ್‌ಬಿಟ್ ಒಂದು ಬೇಕೆಂದು ನಾಲ್ಕು ದಿನ ಮನಸ್ಸು ಹಟ ಮಾಡಿತಂತೆ. ಬಳಿಕ ಆ ಆಸೆಯೇ ಮಾಯವಾಯಿತು.

ಲಂಡನ್ನಿನ ಪತ್ರಕರ್ತೆ ಮಿಶೆಲ್ ಮೆಕ್‌ಗಾ ಇನ್ನೂ ಕಠಿಣ ಹಾದಿ ಹಿಡಿದರು. 2015ರ ನವೆಂಬರ್‌ನಿಂದ ಒಂದು ವರ್ಷ ಮನೆಸಾಲದ ಕಂತು, ಬಿಲ್ಲುಗಳು ಮತ್ತು ದಿನಸಿ ಬಿಟ್ಟರೆ ಬೇರೇನಕ್ಕೂ ಅವರು ಖರ್ಚು ಮಾಡಲಿಲ್ಲ. ಬಸ್ಸನ್ನೂ ಬಿಟ್ಟು ಸೈಕಲ್ಲಿನಲ್ಲಿ ಓಡಾಡಿದರು. ಉಳಿಸಿದ ಹಣದಲ್ಲಿ ಮನೆಸಾಲದ ಒಂದು ಭಾಗವನ್ನು ಅವಧಿಗೆ ಮೊದಲೇ ತೀರಿಸಿದರು.

ನಾವು ಅಷ್ಟು ಕಠಿಣರಾಗಬೇಕಿಲ್ಲ. ಆದರೆ ಎರಡು ಪಾಠ ಕಲಿಯಬಹುದು. ಕೊಳ್ಳುವ ಮೊದಲು ಮನೆಯಲ್ಲಿ ಹುಡುಕಬೇಕು. ಮನಸ್ಸು ಕೇಳಿದ್ದನ್ನು ಕೆಲವು ದಿನ ತಡೆದು ನೋಡಬೇಕು. ಇದು ನಮಗೆ ಹೊಸತೂ ಅಲ್ಲ. ಹಸಿವೆ, ಬಾಯಾರಿಕೆಗಳನ್ನೇ ಮಗ್ರಿಬ್‌ವರೆಗೆ ತಡೆಯಲು ರಮಝಾನಿನಲ್ಲಿ ಕಲಿತ ನಮಗೆ ಒಂದು ಹೊಸ ಶಾಲನ್ನು ಒಂದು ವಾರ ತಡೆಯುವುದು ಕಷ್ಟವೇ?

ಯಾವುದು ಅನಗತ್ಯ?

ತಕರಾರು ಹುಟ್ಟುವುದು ಇಲ್ಲಿಯೇ. ಮನಸ್ಸಿಗೆ ಬಂದದ್ದೆಲ್ಲವೂ ಅಗತ್ಯವೆಂದೇ ತೋರುತ್ತದೆ. ಶರೀಅತ್‌ನ ಉದ್ದೇಶಗಳನ್ನು ವಿವರಿಸುವಾಗ ಇಮಾಮ್ ಗಝಾಲಿ, ಅವರ ಬಳಿಕ ಇಮಾಮ್ ಶಾತಿಬಿಯವರಂಥ ವಿದ್ವಾಂಸರು ಮನುಷ್ಯನ ಹಿತಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿದ್ದಾರೆ. ಝರೂರಿಯ್ಯಾತ್ ಎಂದರೆ ಇಲ್ಲದಿದ್ದರೆ ಬದುಕೇ ಕೆಡುವಂಥದ್ದು. ಹಾಜಿಯ್ಯಾತ್ ಎಂದರೆ ಇಲ್ಲದಿದ್ದರೆ ಬದುಕು ಕಷ್ಟವಾಗುವಂಥದ್ದು. ತಹ್ಸೀನಿಯ್ಯಾತ್ ಎಂದರೆ ಬದುಕಿಗೆ ಅಂದ ಕೊಡುವಂಥದ್ದು. ಕಾಲೇಜಿನ ಅರ್ಥಶಾಸ್ತ್ರದ ಪುಸ್ತಕದಲ್ಲೂ ಅವಶ್ಯಕತೆ, ಸೌಕರ್ಯ, ವಿಲಾಸ ಎಂಬ ಮೂರು ವಿಭಾಗಗಳಿವೆ.

ಈ ವಿಂಗಡಣೆಯನ್ನು ನಿಮ್ಮ ಮನೆಯ ಖರ್ಚಿಗೆ ಅನ್ವಯಿಸಿ ನೋಡಿ. ಅಕ್ಕಿ, ಮೀನು, ಬಾಡಿಗೆ, ಔಷಧಿ, ಫೀಸು ಮೊದಲನೆಯ ದರ್ಜೆ. ಮಿಕ್ಸಿ, ಫ್ರಿಜ್, ಮಳೆಗಾಲಕ್ಕೆ ಕೊಡೆ ಎರಡನೆಯದು. ಇರುವ ಮಿಕ್ಸಿ ಕೆಟ್ಟರೆ ದುರಸ್ತಿ ಮಾಡಿಸಿ, ಆಗದಿದ್ದರೆ ಹೊಸತು ಕೊಳ್ಳಿ. ಅದು ಅನಗತ್ಯವಲ್ಲ. ಸೋಫಾದ ಬಣ್ಣಕ್ಕೆ ಹೊಂದುವ ಪರದೆ, ನಾಲ್ಕನೆಯ ಪರ್ಸು, ನಾದಿನಿಯ ಮನೆಯಲ್ಲಿ ಕಂಡ ಡಿನ್ನರ್ ಸೆಟ್ಟು ಮೂರನೆಯದು. ಅವು ಹರಾಮ್ ಅಲ್ಲ. ಆದರೆ ಮೊದಲನೆಯ ದರ್ಜೆಗೆ ಸಾಲ ಮಾಡುವ ಮನೆಯಲ್ಲಿ ಮೂರನೆಯದಕ್ಕೆ ಜಾಗವೆಲ್ಲಿ?

ಬಡ್ಡಿಯ ಹಿಂಬಾಗಿಲು

ನಮ್ಮ ಮನೆಗಳಿಗೆ ಬಡ್ಡಿಯು ಮುಂಬಾಗಿಲಿನಿಂದ ಬರುವುದು ಕಡಿಮೆ. ಅದು ಖರೀದಿಯ ಹಿಂಬಾಗಿಲಿನಿಂದ ನುಸುಳುತ್ತದೆ. "ಬಡ್ಡಿಯಿಲ್ಲದ ಕಂತು" ಎಂಬ ಜಾಹೀರಾತನ್ನು ನೀವು ನೋಡಿರುತ್ತೀರಿ. ಶೂನ್ಯ ಬಡ್ಡಿ ಎಂಬುದೇ ಅಸ್ತಿತ್ವದಲ್ಲಿಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಸ್ಪಷ್ಟವಾಗಿ ತಿಳಿಸಿತ್ತು. ಈಗಿನ ಇಂಥ ಬಹುತೇಕ ಯೋಜನೆಗಳಲ್ಲಿ ಬ್ಯಾಂಕು ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟೇ ಮೊತ್ತವನ್ನು ರಿಯಾಯಿತಿಯೆಂದು ಬೆಲೆಯಲ್ಲಿ ಇಳಿಸುತ್ತಾರೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿಯನ್ನು ಗಿರಾಕಿಯೇ ತೆರಬೇಕು. ಹಲವೆಡೆ ಪ್ರೊಸೆಸಿಂಗ್ ಶುಲ್ಕವೂ ಇದೆ. ಒಂದು ಕಂತು ತಪ್ಪಿದರೆ ದಂಡ ಬೇರೆ. ಅಂದರೆ ಜಾಹೀರಾತಿನಲ್ಲಿ ಬಡ್ಡಿಯಿಲ್ಲ, ಬ್ಯಾಂಕಿನ ಪುಸ್ತಕದಲ್ಲಿದೆ!

2025ರ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದು ನೆನಪಿರಬಹುದು. ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಿರುಕುಳ ತಾಳಲಾರದೆ ಜನರು ಊರು ಬಿಟ್ಟ, ಪ್ರಾಣವನ್ನೇ ಕಳೆದುಕೊಂಡ ಸುದ್ದಿಗಳು ಹಲವು ಜಿಲ್ಲೆಗಳಿಂದ ಬಂದವು. ಬಲವಂತದ ವಸೂಲಿಯನ್ನು ತಡೆಯಲು ಸರಕಾರವು ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಮಾಡಿದವರೆಲ್ಲ ದುಂದುಗಾರರಲ್ಲ. ಕಾಯಿಲೆ, ಬೇಸಾಯ, ಹೊಟ್ಟೆಪಾಡಿಗಾಗಿ ಸಾಲ ಮಾಡಿದವರು ಎಷ್ಟೋ ಮಂದಿ. ಆದರೆ ಕಷ್ಟಕ್ಕೆ ಸಾಲ ಅನಿವಾರ್ಯವಾದಾಗ ಹೆಗಲ ಮೇಲೆ ಮೊದಲೇ ಮೊಬೈಲಿನ ಕಂತು, ಟಿವಿಯ ಕಂತು ಇದ್ದರೆ ಆ ಭಾರ ಎರಡು ಪಟ್ಟಾಗುತ್ತದೆ.

ಹಳೆಯ ಚಿನ್ನ ಕೊಟ್ಟು ಹೊಸ ನಮೂನೆ ತರುವ ಅಭ್ಯಾಸವನ್ನೂ ಗಮನಿಸಿ. ಹಳೆಯದರ ಮೇಲೆ ಅಂದು ಕೊಟ್ಟ ಮಜೂರಿ ಹೋಯಿತು. ಹೊಸತಕ್ಕೆ ಮತ್ತೆ ಮಜೂರಿ, ವೇಸ್ಟೇಜ್, ಶೇ. 3 ಜಿಎಸ್‌ಟಿ. ಅಂಗಡಿಗೆ ಹೋದಷ್ಟೇ ಹಣದ ಚಿನ್ನ ಕೊರಳಿಗೆ ಮರಳುವುದಿಲ್ಲ.

ಅವಸರಪಡಿಸುವ ಅಂಗಡಿ

ಹಿಂದೆ ಪೇಟೆಗೆ ಹೋದರೆ ಮಾತ್ರ ಖರೀದಿ. ಈಗ ಅಂಗಡಿ ತಲೆದಿಂಬಿನ ಪಕ್ಕದಲ್ಲೇ ಇದೆ. "ಇನ್ನು ಎರಡೇ ಉಳಿದಿವೆ", "ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ" ಎಂದು ಮೊಬೈಲು ಹೆದರಿಸುತ್ತದೆ. ಇಂಥ ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದರೆ ನಾಚಿಕೆಯಾಗುವಂತೆ ಮಾಡುವುದು ಸೇರಿದಂತೆ 13 ಬಗೆಯ ತಂತ್ರಗಳನ್ನು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಕಾನೂನು ಬಂದಿದೆ ನಿಜ, ಆದರೆ ಮನೆಯ ಹಣದ ಕಾವಲು ನಮ್ಮ ಕೈಯಲ್ಲೇ ಇದೆ. ಈ ಒಂದು ವರ್ಷಕ್ಕೆ ಖರೀದಿಯ ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆದುಬಿಡಿ. ಬೇಕೆನಿಸಿದ್ದನ್ನು ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ಮೂವತ್ತು ದಿನಗಳ ಬಳಿಕವೂ ಅದು ಅಗತ್ಯವೆಂದು ತೋರಿದರೆ ಮನೆಯವರೊಂದಿಗೆ ಕೂತು ತೀರ್ಮಾನಿಸಿ. ಬಹಳಷ್ಟು ಸಾಲುಗಳಿಗೆ ನೀವೇ ಗೀಟು ಹಾಕುವಿರಿ.

ನಿಯಮ ಮನೆಯವರೆಲ್ಲರಿಗೂ

ಒಂದು ಮಾತನ್ನು ಗಂಡಸರೂ ಕೇಳಿಸಿಕೊಳ್ಳಬೇಕು. ಮಿತವ್ಯಯದ ಉಪದೇಶವೆಲ್ಲ ಹೆಂಗಸರಿಗೆ, ಎರಡು ವರ್ಷಕ್ಕೊಂದು ಹೊಸ ಮೊಬೈಲು, ಗೆಳೆಯರೊಂದಿಗೆ ವಾರವಾರ ಹೊಟೇಲಿನ ಊಟ ಗಂಡಸರಿಗೆ ಎಂದಾದರೆ ಅದು ನ್ಯಾಯವಲ್ಲ. ಹೆಂಡತಿ ಮಕ್ಕಳ ಖರ್ಚು ಗಂಡನ ಹೊಣೆ. ತನ್ನ ಗಂಡ ಅಬೂ ಸುಫ್ಯಾನ್ ಕೈಬಿಗಿ ಹಿಡಿಯುತ್ತಾರೆಂದು ಹಿಂದ್(ರ) ದೂರಿದಾಗ, ತನಗೂ ಮಕ್ಕಳಿಗೂ ಸಾಕಾಗುವಷ್ಟನ್ನು ವಾಡಿಕೆಯ ಮಿತಿಯಲ್ಲಿ ಅವರ ಸಂಪತ್ತಿನಿಂದ ಪಡೆಯಲು ಪ್ರವಾದಿ(ಸ) ಅನುಮತಿ ನೀಡಿದ್ದನ್ನು ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳು ವರದಿ ಮಾಡಿವೆ. ಹೆಂಡತಿಯ ಹಕ್ಕನ್ನು ಕತ್ತರಿಸಿ ಉಳಿಸಿದ್ದು ಉಳಿತಾಯವಲ್ಲ.

ಮಕ್ಕಳಿಗೂ ವಿಷಯ ತಿಳಿಸಿ. "ಹಣವಿಲ್ಲ" ಎಂದು ಹೇಳುವ ಬದಲು "ಈ ವರ್ಷ ನಾವು ಇಂಥದ್ದಕ್ಕಾಗಿ ಕೂಡಿಡುತ್ತಿದ್ದೇವೆ" ಎನ್ನಿ. ಮೊದಲನೆಯದು ಮಗುವಿನಲ್ಲಿ ಕೀಳರಿಮೆ ತರುತ್ತದೆ, ಎರಡನೆಯದು ಅದನ್ನು ಪಾಲುದಾರನನ್ನಾಗಿ ಮಾಡುತ್ತದೆ.

ಅತ್ಯಂತ ಕಷ್ಟದ ಪರೀಕ್ಷೆ ಮದುವೆಯ ಋತುವಿನಲ್ಲಿ ಎದುರಾಗುತ್ತದೆ. "ಕಳೆದ ಮದುವೆಗೆ ಹಾಕಿದ್ದೇ ಇದಲ್ಲವೇ?" ಎಂದು ಯಾರಾದರೂ ಕೇಳಿಯಾರೆಂಬ ಭಯ. ಕೇಳಿದರೆ "ಹೌದು, ಅದೇ" ಎಂದು ನಕ್ಕುಬಿಡಿ. ಆ ಸಾಲಿನಲ್ಲಿ ಕೂತ ಇನ್ನೂ ಹತ್ತು ಮಂದಿಗೆ ನಿಮ್ಮ ಈ ಒಂದು ಮಾತಿನಿಂದ ಧೈರ್ಯ ಬರುತ್ತದೆ. ಅವರಲ್ಲೊಬ್ಬಳು ಈ ಮದುವೆಯ ಬಟ್ಟೆಗಾಗಿಯೇ ಸಾಲ ಮಾಡಿ ಬಂದಿರಲೂಬಹುದು.

ಉಳಿದ ಹಣ ಯಾರದು?

ಒಂದು ಲೆಕ್ಕ ಹಾಕೋಣ. ತಿಂಗಳಿಗೆ 400 ರೂಪಾಯಿಯ ಮೂರು ಆನ್‌ಲೈನ್ ಪಾರ್ಸೆಲ್ ಎಂದರೆ 1,200. ವಾರಕ್ಕೊಮ್ಮೆ 250 ರೂಪಾಯಿಯ ಬೇಕರಿ ತಿಂಡಿ ಎಂದರೆ 1,000. ಎರಡು ದಿನದಲ್ಲಿ ಮುರಿಯುವ ಆಟಿಕೆಗಳಿಗೆ 300. ಒಟ್ಟು 2,500. ವರ್ಷಕ್ಕೆ 30,000 ರೂಪಾಯಿ! ಯಾರೂ ಹೊಟ್ಟೆ ಕಟ್ಟಿಲ್ಲ, ಯಾರ ಔಷಧಿಯೂ ನಿಂತಿಲ್ಲ.

ಈ ಹಣದಿಂದ ಮೊದಲು ಸಾಲ ತೀರಿಸಿ, ಬಡ್ಡಿಯ ಸಾಲವಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು. ಬಳಿಕ ಕಾಯಿಲೆ ಕಸಾಲೆಗೆಂದು ಸ್ವಲ್ಪ ಕೈಯಲ್ಲಿಡಿ. ಆಮೇಲೆ ಮಗಳ ಕಾಲೇಜು, ತಾಯಿಯ ಉಮ್ರಾದಂಥ ದೊಡ್ಡ ಗುರಿಗಳತ್ತ ನೋಡಿ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಮನೆಯ ಪೀಠೋಪಕರಣಗಳಿಗೆ ಝಕಾತ್ ಇಲ್ಲ. ಅಟ್ಟದಲ್ಲಿ ಧೂಳು ತಿನ್ನುವ ಪಾತ್ರೆಗಳಿಂದ ನಿಮಗೂ ಪ್ರಯೋಜನವಿಲ್ಲ, ಬಡವರಿಗೂ ಇಲ್ಲ. ಅದೇ ಹಣ, ಝಕಾತ್ ಕಡ್ಡಾಯವಾಗಿರುವವರ ಕೈಯಲ್ಲಿ ಒಂದು ವರ್ಷ ಉಳಿದರೆ, 30,000ಕ್ಕೆ ಶೇ. 2.5ರಂತೆ 750 ರೂಪಾಯಿ ಬಡವರ ಹಕ್ಕಾಗುತ್ತದೆ. ಬೇಡದ ಖರೀದಿಯೊಂದಿಗೆ ಅವರ ಈ ಪಾಲೂ ಕರಗಿಹೋಗುತ್ತದೆ ಎಂದು ನಾವು ಯೋಚಿಸಿದ್ದೇವೆಯೇ? ಧರಿಸದೆ ಇಟ್ಟ ಒಳ್ಳೆಯ ಬಟ್ಟೆಗಳನ್ನು ಅಗತ್ಯವಿರುವವರಿಗೆ ತಲುಪಿಸುವುದೂ ಈ ವರ್ಷದ ಕೆಲಸವಾಗಲಿ. ಒಗೆದು, ಇಸ್ತ್ರಿ ಹಾಕಿ, ನಿಮಗೆ ಕೊಟ್ಟರೆ ನೀವು ಸಂತೋಷದಿಂದ ಪಡೆಯುವಂತೆ ಕೊಡಿ.

ಎಂದು ಆರಂಭಿಸಬೇಕು?

ನಮ್ಮಲ್ಲಿ ಹೆಚ್ಚಿನವರು ಝಕಾತ್ ಲೆಕ್ಕವನ್ನು ರಮಝಾನಿನಲ್ಲಿ ಮಾಡುತ್ತಾರೆ. ಆದ್ದರಿಂದ ಶವ್ವಾಲ್‌ನಲ್ಲಿ, ಈದ್‌ನ ಮರುದಿನ ಆರಂಭಿಸಿದರೆ ಮುಂದಿನ ರಮಝಾನಿನಲ್ಲಿ ಲೆಕ್ಕ ಹಾಕುವಾಗ ಫಲ ಕಣ್ಣಮುಂದೆ ಇರುತ್ತದೆ. ಚಾಂದ್ರಮಾನ ವರ್ಷಕ್ಕೆ 354 ಅಥವಾ 355 ದಿನಗಳು ಮಾತ್ರ. ಶವ್ವಾಲ್‌ವರೆಗೆ ಕಾಯಲೇಬೇಕೆಂದಿಲ್ಲ, ಬರುವ ತಿಂಗಳ ಒಂದರಿಂದಲೂ ಆಗಬಹುದು. ಒಂದು ಪುಸ್ತಕ, ಒಂದು ಪೆನ್ನು ಸಾಕು. ಅವನ್ನೂ ಹೊಸತು ಕೊಳ್ಳಬೇಡಿ, ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳಿರುತ್ತವೆ.

ನಡುವೆ ಒಂದು ದಿನ ಮನಸ್ಸು ಸೋತು ಏನನ್ನಾದರೂ ಕೊಂಡರೆ ಇಡೀ ವರ್ಷ ಹಾಳಾಯಿತೆಂದು ಕೈಬಿಡಬೇಡಿ. ಅದನ್ನೂ ಪುಸ್ತಕದಲ್ಲಿ ಬರೆದು ಮುಂದುವರಿಯಿರಿ. ನಾವು ಸಂಪಾದಿಸಿದ್ದು ಹೇಗೆ, ಖರ್ಚು ಮಾಡಿದ್ದು ಯಾವುದಕ್ಕೆ ಎಂದು ಪ್ರಶ್ನಿಸಲಾಗುವ ದಿನವೊಂದು ಇದೆ. ಅಂದು ಉತ್ತರಿಸಲು ಸುಲಭವಾಗುವಂಥ ಒಂದು ವರ್ಷವಾದರೂ ನಮ್ಮ ಬದುಕಿನಲ್ಲಿರಲಿ. ಅಲ್ಲಾಹನು ನಮ್ಮೆಲ್ಲರ ಸಂಪಾದನೆಯಲ್ಲಿ ಬರ್ಕತ್ ನೀಡಲಿ.